ಬಿಡುವ ಬಂಧ, ಬಿಡದ ಬಂಧ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನಲ್ಲಿ, ರಾಯಚೂರು ಜಿಲ್ಲೆಗೆ ಸೇರಿದ ಕವಿತಾಳವೆಂಬ ಊರಿದೆ. ಸುತ್ತಲೂ ಎರೆಭೂಮಿ. ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯೂ ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯೂ ನೀರು ತಂದ ಮೇಲೆ, ಜೋಳ ಮತ್ತು ಹತ್ತಿಗಳ ಜೊತೆಗೆ ಬತ್ತವೂ ಈ ಸೀಮೆಯ ಮುಖ್ಯ ಬೆಳೆಯಾಯಿತು. ಬೆಳೆ ಹೆಚ್ಚಿದಂತೆ ಕೀಟಗಳು ಹೆಚ್ಚಿದವು. ಕೀಟಗಳು ಹೆಚ್ಚಿದಂತೆ ಔಷಧಿ ಸಿಂಪಡಿಸುವುದೂ ಹೆಚ್ಚಿತು. ಇಲ್ಲಿಯ ರೈತರು ಕೀಟನಾಶಕವನ್ನು 'ಎಣ್ಣೆ' ಎಂದೂ ಅದನ್ನು ಸಿಂಪಡಿಸುವುದನ್ನು 'ಎಣ್ಣೆ ಹೊಡೆಯುವುದು' ಎಂದೂ ಕರೆಯುತ್ತಾರೆ. ಈ ಹೆಸರಿನಲ್ಲಿ ಎಷ್ಟು ತಥ್ಯವಿದೆ ಎಂಬುದನ್ನು ಪಾಠದ ಕೊನೆಯಲ್ಲಿ ಕಾಣುವೆವು.

ಹೊಲಕ್ಕೂ ಉಗ್ರಾಣಕ್ಕೂ ಮನುಷ್ಯನು ಬಳಸಿದ ಇಂತಹ ಪದಾರ್ಥಗಳಲ್ಲಿ ಹಲವು ಒಂದೇ ಕುಲಕ್ಕೆ ಸೇರಿದವು. ಅವುಗಳ ಅಣುವಿನಲ್ಲಿ ಇಂಗಾಲದ ಪರಮಾಣುವಿಗೆ ಕ್ಲೋರಿನ್ ಅಥವಾ ಬ್ರೋಮಿನ್ ಪರಮಾಣು ಅಂಟಿಕೊಂಡಿರುತ್ತದೆ. ಆದರೆ ಗುಣದಲ್ಲಿ ಅವು ಬೇರೆ ಬೇರೆ. ಕೆಲವು ಜೀವಕೋಶವನ್ನು ಮುಟ್ಟಿದೊಡನೆ ಬದಲಾಗಿ ಅದನ್ನು ಕೆಡಿಸುತ್ತವೆ. ಕೆಲವು ಸುಲಭವಾಗಿ ಬದಲಾಗದೆ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತವೆ. ಒಂದೇ ಕುಲದ ಪದಾರ್ಥಗಳಲ್ಲಿ ಇಷ್ಟು ಭೇದವೇಕೆ? ಇದನ್ನು ತಿಳಿಯಬೇಕಾದರೆ ಇಂಗಾಲ ಮತ್ತು ಹ್ಯಾಲೊಜನ್‌ಗಳ ನಡುವಣ ಬಂಧದ ಸ್ವರೂಪವನ್ನು ಅರಿಯಬೇಕು.

ಓರೆಯಾದ ನೊಗ

ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡಾಗ ಅವುಗಳ ನಡುವೆ ಸಹವೇಲೆನ್ಸಿ ಬಂಧ ಏರ್ಪಡುತ್ತದೆ. ಆದರೆ ಹಂಚಿಕೆ ಯಾವಾಗಲೂ ಸಮವಾಗಿರುವುದಿಲ್ಲ. ಒಂದೇ ನೊಗಕ್ಕೆ ಬಲವಾದ ಎತ್ತನ್ನೂ ಸಾಧಾರಣ ಎತ್ತನ್ನೂ ಕಟ್ಟಿದರೆ ನೊಗ ಓರೆಯಾಗುವುದನ್ನು ನಾವು ನೋಡಿದ್ದೇವೆ. ಹಾಗೆಯೇ ಎಲೆಕ್ಟ್ರಾನುಗಳನ್ನು ಹೆಚ್ಚು ಬಲದಿಂದ ಸೆಳೆಯುವ ಪರಮಾಣುವಿನ ಕಡೆಗೆ ಹಂಚಿಕೆಯ ಜೊತೆ ವಾಲುತ್ತದೆ. ಈ ಸೆಳೆಯುವ ಶಕ್ತಿಗೆ ವಿದ್ಯುದೃಣತೆ ಎಂದು ಹೆಸರು. ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪೌಲಿಂಗ್ 1932ರಲ್ಲಿ ಇದನ್ನು ಅಳೆಯಲು ಒಂದು ಮಾನವನ್ನು ಸೂಚಿಸಿದನು. ಆ ಮಾನದಲ್ಲಿ ಇಂಗಾಲದ ವಿದ್ಯುದೃಣತೆ 2.55, ಫ್ಲೋರಿನ್‌ನದು 3.98, ಕ್ಲೋರಿನ್‌ನದು 3.16, ಬ್ರೋಮಿನ್‌ನದು 2.96, ಅಯೋಡಿನ್‌ನದು 2.66.

ನಾಲ್ಕು ಹ್ಯಾಲೊಜನ್‌ಗಳ ವಿದ್ಯುದೃಣತೆಯೂ ಇಂಗಾಲದ್ದಕ್ಕಿಂತ ಹೆಚ್ಚು. ಆದುದರಿಂದ ಎಲೆಕ್ಟ್ರಾನ್ ಜೊತೆ ಹ್ಯಾಲೊಜನ್ ಕಡೆಗೆ ಸರಿಯುತ್ತದೆ. ಆ ತುದಿಯಲ್ಲಿ ಅಲ್ಪ ಋಣ ಆವೇಶವೂ ಇಂಗಾಲದ ತುದಿಯಲ್ಲಿ ಅಲ್ಪ ಧನ ಆವೇಶವೂ ಉಂಟಾಗುತ್ತವೆ. ಹೀಗೆ ಎರಡು ತುದಿಗಳಲ್ಲಿ ಎರಡು ಬಗೆಯ ಆವೇಶವಿರುವ ಬಂಧವನ್ನು ಧ್ರುವೀಯ ಬಂಧವೆನ್ನುತ್ತಾರೆ. ಮೀಥೇನ್, ಈಥೇನ್, ಬ್ಯೂಟೇನ್ ಮುಂತಾದ ಆಲ್ಕೇನ್‌ಗಳಲ್ಲಿ ಇಂಗಾಲ ಮತ್ತು ಜಲಜನಕಗಳ ಸೆಳೆತ ಹೆಚ್ಚುಕಡಮೆ ಸಮ. ಆದುದರಿಂದ ಅವು ಕ್ಷಾರದೊಡನೆ ವರ್ತಿಸುವುದಿಲ್ಲ. ಅವುಗಳ ಒಂದು ಜಲಜನಕದ ಸ್ಥಾನದಲ್ಲಿ ಹ್ಯಾಲೊಜನ್ ಸೇರಿದೊಡನೆ ಅಣುವಿನ ಸ್ವಭಾವವೇ ಬದಲಾಗುತ್ತದೆ. ಅದುವರೆಗೆ ಯಾರ ಗಮನಕ್ಕೂ ಬಾರದೆ ಇದ್ದ ಇಂಗಾಲ ಈಗ ದಾಳಿಗೆ ಗುರಿಯಾಗುತ್ತದೆ. ಇಂತಹ ಸಂಯುಕ್ತಗಳಿಗೆ ಹ್ಯಾಲೊಆಲ್ಕೇನ್‌ಗಳೆಂದು ಹೆಸರು.

ಶತ್ರುವಿನಂತೆ ಬರುವ ಆದೇಶ

ದಾಳಿ ಮಾಡುವವರು ಯಾರು? ಬೇರೊಂದು ಪರಮಾಣುವಿಗೆ ಕೊಡಬಲ್ಲ ಒಂಟಿ ಎಲೆಕ್ಟ್ರಾನ್ ಜೊತೆಯನ್ನು ಉಳ್ಳ ಅಯಾನುಗಳು ಅಥವಾ ಅಣುಗಳು. ಅವು ಧನ ಆವೇಶವಿರುವ ಕೇಂದ್ರವನ್ನು ಅರಸಿಕೊಂಡು ಹೋಗುತ್ತವೆ. ಆದುದರಿಂದ ಅವುಗಳಿಗೆ ನ್ಯೂಕ್ಲಿಯೋಫೈಲ್‌ಗಳೆಂದು ಹೆಸರು. ಕ್ಷಾರದಲ್ಲಿರುವ ಹೈಡ್ರಾಕ್ಸೈಡ್ ಅಯಾನು, ಸಯನೈಡ್ ಅಯಾನು, ಅಮೋನಿಯ ಅಣು, ನೀರಿನ ಅಣು ಇವೆಲ್ಲ ಈ ಗುಂಪಿಗೆ ಸೇರಿದವು.

ಬ್ರೋಮೊಈಥೇನನ್ನು ಸೋಡಿಯಂ ಹೈಡ್ರಾಕ್ಸೈಡಿನ ಜಲದ್ರಾವಣದೊಡನೆ ಕಾಯಿಸಿದರೆ ನಡೆಯುವ ಕ್ರಿಯೆ ಇದು:

ಬ್ರೋಮೊಈಥೇನ್ + ಸೋಡಿಯಂ ಹೈಡ್ರಾಕ್ಸೈಡ್ → ಈಥನಾಲ್ + ಸೋಡಿಯಂ ಬ್ರೋಮೈಡ್

ಹೈಡ್ರಾಕ್ಸೈಡ್ ಬಂದು ಇಂಗಾಲಕ್ಕೆ ತನ್ನ ಎಲೆಕ್ಟ್ರಾನ್ ಜೊತೆಯನ್ನು ಕೊಡುತ್ತದೆ. ಬ್ರೋಮಿನ್ ತನ್ನ ಹಳೆಯ ಬಂಧದ ಜೊತೆಯನ್ನು ಹೊತ್ತು ಬ್ರೋಮೈಡ್ ಅಯಾನಾಗಿ ಹೊರಡುತ್ತದೆ. ಒಂದನ್ನು ತೆಗೆದು ಅದರ ಸ್ಥಾನದಲ್ಲಿ ಇನ್ನೊಂದನ್ನು ಇಡುವ ಈ ಬಗೆಯ ಕ್ರಿಯೆಗೆ ಆದೇಶ ಕ್ರಿಯೆ ಎಂದು ಹೆಸರು. ಕನ್ನಡ ವ್ಯಾಕರಣವನ್ನು ಓದಿದವರಿಗೆ ಈ ಮಾತು ಹೊಸದಲ್ಲ. 'ಮಳೆ' ಮತ್ತು 'ಕಾಲ' ಸೇರಿ 'ಮಳೆಗಾಲ' ಆಗುವಾಗ ಕಕಾರ ಹೋಗಿ ಆ ಸ್ಥಾನಕ್ಕೆ ಗಕಾರ ಬರುವುದನ್ನು ನಾವು ಆದೇಶ ಸಂಧಿಯೆಂದು ಕಲಿತಿದ್ದೇವೆ. ಆಗಮವು ಮಿತ್ರನಂತೆ ಬಂದು ಪಕ್ಕದಲ್ಲಿ ಕೂರುತ್ತದೆ, ಆದೇಶವು ಶತ್ರುವಿನಂತೆ ಬಂದು ಇದ್ದವನನ್ನು ಓಡಿಸಿ ಕೂರುತ್ತದೆ ಎಂದು ವೈಯಾಕರಣರು ಹೇಳುವುದುಂಟು. ರಸಾಯನಶಾಸ್ತ್ರದ ಆದೇಶಕ್ಕೂ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಹೈಡ್ರಾಕ್ಸೈಡಿನ ಬದಲು ಅಮೋನಿಯ ದಾಳಿ ಮಾಡಿದರೆ ಅಮೈನ್ ದೊರೆಯುತ್ತದೆ. ಸಯನೈಡ್ ದಾಳಿ ಮಾಡಿದರೆ ಅದರಲ್ಲಿರುವ ಇಂಗಾಲವೂ ಬಂದು ಸೇರುವುದರಿಂದ ಇಂಗಾಲದ ಸರಪಣಿ ಒಂದು ಕೊಂಡಿಯಷ್ಟು ಬೆಳೆಯುತ್ತದೆ. ರಾಯಚೂರು ಜಿಲ್ಲೆಯವರಿಗೆ ಸಯನೈಡಿನ ಹೆಸರು ಪರಿಚಿತ. ಹಟ್ಟಿಯ ಚಿನ್ನದ ಗಣಿಯಲ್ಲಿ ಪುಡಿಮಾಡಿದ ಅದಿರಿನಿಂದ ಚಿನ್ನವನ್ನು ಕರಗಿಸಿ ತೆಗೆಯುವುದು ಸಯನೈಡ್ ದ್ರಾವಣದಿಂದಲೇ. ಅಲ್ಲಿ ವಾಯುವಿನ ಆಮ್ಲಜನಕದ ನೆರವಿನಿಂದ ಚಿನ್ನವು ಅಯಾನಾದಾಗ, ಸಯನೈಡ್ ತನ್ನ ಎಲೆಕ್ಟ್ರಾನ್ ಜೊತೆಯನ್ನು ಅದಕ್ಕೆ ಕೊಟ್ಟು ಬಿಗಿಯಾಗಿ ಹಿಡಿಯುತ್ತದೆ. ಗುರಿ ಬೇರೆಯಾದರೂ ಹಿಡಿಯುವ ಸಾಧನ ಒಂದೇ ಎಂಬುದನ್ನು ಗಮನಿಸಬೇಕು.

ಮೂರು ಪ್ರನಾಳಗಳು

ಬಂಧ ಎಷ್ಟು ಧ್ರುವೀಯವೋ ಇಂಗಾಲದ ಧನ ಆವೇಶವೂ ಅಷ್ಟು ಹೆಚ್ಚು. ಹಾಗಾದರೆ ಅಯೋಡಿನ್ ಸಂಯುಕ್ತಕ್ಕಿಂತ ಕ್ಲೋರಿನ್ ಸಂಯುಕ್ತ ಹೆಚ್ಚು ಬೇಗ ವರ್ತಿಸಬೇಕೆಂದು ತೋರುತ್ತದೆ. ಈ ಊಹೆ ಸರಿಯೇ ಎಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದು.

ಮೂರು ಪ್ರನಾಳಗಳಲ್ಲಿ ಸ್ವಲ್ಪ ಸ್ವಲ್ಪ ಈಥನಾಲನ್ನು ತೆಗೆದುಕೊಂಡು, ಒಂದಕ್ಕೆ ಕ್ಲೋರೊಬ್ಯೂಟೇನ್, ಇನ್ನೊಂದಕ್ಕೆ ಬ್ರೋಮೊಬ್ಯೂಟೇನ್, ಮತ್ತೊಂದಕ್ಕೆ ಅಯೋಡೊಬ್ಯೂಟೇನ್‌ನ ಕೆಲವು ಹನಿಗಳನ್ನು ಸೇರಿಸುತ್ತಾರೆ. ಪ್ರನಾಳಗಳನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿಟ್ಟು, ಮೂರಕ್ಕೂ ಸಿಲ್ವರ್ ನೈಟ್ರೇಟಿನ ಜಲದ್ರಾವಣವನ್ನು ಹಾಕುತ್ತಾರೆ. ಇಲ್ಲಿ ನೀರೇ ನ್ಯೂಕ್ಲಿಯೋಫೈಲ್. ಹ್ಯಾಲೊಜನ್ ಅಯಾನಾಗಿ ಹೊರಬಂದೊಡನೆ ಬೆಳ್ಳಿಯ ಅಯಾನಿನೊಡನೆ ಸೇರಿ ಒತ್ತರವಾಗುತ್ತದೆ, ಅಂದರೆ ತಳಕ್ಕಿಳಿಯುವ ಘನಪುಡಿಯಾಗುತ್ತದೆ. ಒತ್ತರ ಕಾಣಿಸಿಕೊಂಡ ಕ್ರಮವೇ ಹ್ಯಾಲೊಜನ್ ಬಿಟ್ಟುಹೋದ ಕ್ರಮ.

ಮೊದಲು ಅಯೋಡಿನ್ ಸಂಯುಕ್ತದ ಪ್ರನಾಳದಲ್ಲಿ ಹಳದಿ ಒತ್ತರ ಕಾಣುತ್ತದೆ. ಅನಂತರ ಬ್ರೋಮಿನ್ ಸಂಯುಕ್ತದಲ್ಲಿ ಕೆನೆಬಣ್ಣದ ಒತ್ತರ. ಕ್ಲೋರಿನ್ ಸಂಯುಕ್ತದ ಬಿಳಿ ಒತ್ತರ ಎಲ್ಲಕ್ಕಿಂತ ಕೊನೆಗೆ, ಬಹಳ ನಿಧಾನವಾಗಿ ಕಾಣುತ್ತದೆ. ನಮ್ಮ ಊಹೆ ತಲೆಕೆಳಗಾಯಿತು!

ಕಾರಣ ಇದು. ಹೊಸಬನು ಬರಬೇಕಾದರೆ ಹಳಬನು ಹೋಗಬೇಕು. ಹೋಗಬೇಕಾದರೆ ಹಳೆಯ ಬಂಧ ಮುರಿಯಬೇಕು. ಒಂದು ಮೋಲ್ ಬಂಧಗಳನ್ನು ಮುರಿಯಲು ಇಂಗಾಲ–ಅಯೋಡಿನ್‌ಗೆ ಸುಮಾರು 238 ಕಿಲೋಜೂಲ್, ಇಂಗಾಲ–ಬ್ರೋಮಿನ್‌ಗೆ 276, ಇಂಗಾಲ–ಕ್ಲೋರಿನ್‌ಗೆ 338, ಇಂಗಾಲ–ಫ್ಲೋರಿನ್‌ಗೆ 484 ಕಿಲೋಜೂಲ್ ಶಕ್ತಿ ಬೇಕು. ಅಯೋಡಿನ್ ಪರಮಾಣು ದೊಡ್ಡದು. ಅದರ ಬಂಧ ಉದ್ದ ಮತ್ತು ಸಡಿಲ. ಫ್ಲೋರಿನ್ ಪರಮಾಣು ಚಿಕ್ಕದು. ಅದರ ಬಂಧ ಗಿಡ್ಡ ಮತ್ತು ಬಿಗಿ. ಆದುದರಿಂದ ಅತ್ಯಂತ ಧ್ರುವೀಯವಾದ ಇಂಗಾಲ–ಫ್ಲೋರಿನ್ ಬಂಧವೇ ಅತ್ಯಂತ ಹಟಮಾರಿಯೂ ಆಗಿದೆ. ಧ್ರುವೀಯತೆಯು ದಾಳಿಗೆ ಗುರಿಯನ್ನು ತೋರಿಸುತ್ತದೆ. ದಾಳಿ ಬೇಗ ಫಲಿಸುವುದೋ ತಡವಾಗುವುದೋ ಎಂಬುದು ಬಹುಮಟ್ಟಿಗೆ ಬಂಧದ ಬಲವನ್ನು ಅವಲಂಬಿಸಿದೆ. ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ನೆನಪಿಡಬೇಕು.

ಹಿಂಬಾಗಿಲಿನ ದಾಳಿ

ಬಂಧದ ಬಲದ ಜೊತೆಗೆ ದಾಳಿಗೆ ದಾರಿಯೂ ಬೇಕು. ಆ ದಾರಿ ಯಾವುದೆಂಬುದು ಒಂದು ವಿಚಿತ್ರ ಪ್ರಯೋಗದಿಂದ ಹೊಳೆಯಿತು. ಲಾಟ್ವಿಯದ ರೀಗಾ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಪಾಲ್ ವಾಲ್ಡೆನ್ 1896ರಲ್ಲಿ ಹಣ್ಣುಗಳಲ್ಲಿ ದೊರೆಯುವ ಮ್ಯಾಲಿಕ್ ಆಮ್ಲವನ್ನು ತೆಗೆದುಕೊಂಡು, ಅದರ ಹೈಡ್ರಾಕ್ಸಿಲ್ ಗುಂಪಿನ ಸ್ಥಾನದಲ್ಲಿ ಕ್ಲೋರಿನ್ ಸೇರಿಸಿದನು. ಬಳಿಕ ಕ್ಲೋರಿನನ್ನು ತೆಗೆದು ಮತ್ತೆ ಹೈಡ್ರಾಕ್ಸಿಲ್ ಗುಂಪನ್ನೇ ಸೇರಿಸಿದನು. ಮರಳಿ ಬಂದದ್ದು ಮ್ಯಾಲಿಕ್ ಆಮ್ಲವೇ. ಆದರೆ ಮೊದಲಿನದು ಧ್ರುವೀಕೃತ ಬೆಳಕನ್ನು ಒಂದು ಕಡೆಗೆ ತಿರುಗಿಸುತ್ತಿದ್ದರೆ ಇದು ವಿರುದ್ಧ ದಿಕ್ಕಿಗೆ ತಿರುಗಿಸಿತು. ಎಡಗೈ ಬಲಗೈಯಾದಂತೆ ಅಣು ಮಗುಚಿಕೊಂಡಿತ್ತು.

ಸುಮಾರು ನಾಲ್ಕು ದಶಕಗಳ ಅನಂತರ ಲಂಡನ್ನಿನಲ್ಲಿ ಎಡ್ವರ್ಡ್ ಹ್ಯೂಸ್ ಮತ್ತು ಕ್ರಿಸ್ಟೊಫರ್ ಇಂಗೋಲ್ಡ್ ಈ ಒಗಟನ್ನು ಬಿಡಿಸಿದರು. ನ್ಯೂಕ್ಲಿಯೋಫೈಲ್ ಹ್ಯಾಲೊಜನ್ ಇರುವ ಕಡೆಯಿಂದ ಬರುವುದಿಲ್ಲ. ಅಲ್ಲಿ ಋಣ ಆವೇಶ ಅದನ್ನು ದೂರ ತಳ್ಳುತ್ತದೆ. ಅದು ಇಂಗಾಲದ ಹಿಂಬದಿಯಿಂದ ಬರುತ್ತದೆ. ಅದು ಸಮೀಪಿಸಿದಂತೆ ಇನ್ನೊಂದು ಕಡೆಯಲ್ಲಿ ಹ್ಯಾಲೊಜನ್ ದೂರ ಸರಿಯುತ್ತದೆ. ನಡುವಣ ಮೂರು ಗುಂಪುಗಳು, ಬಿರುಗಾಳಿಗೆ ಸಿಕ್ಕಿದ ಕೊಡೆಯ ಕಡ್ಡಿಗಳಂತೆ, ಆ ಕಡೆಗೆ ಮಗುಚಿಕೊಳ್ಳುತ್ತವೆ. 1935ರಲ್ಲಿ ಹ್ಯೂಸ್ ಮತ್ತು ಅವನ ಸಂಗಡಿಗರು ವಿಕಿರಣಶೀಲ ಅಯೋಡಿನನ್ನು ಬಳಸಿ, ಅಣುವಿನಲ್ಲಿ ಒಂದು ಅಯೋಡಿನ್ ಹೋಗಿ ಇನ್ನೊಂದು ಬಂದಾಗಲೆಲ್ಲ ಅಣು ಒಮ್ಮೆ ಮಗುಚುತ್ತದೆಂದು ತೋರಿಸಿದರು. ಇಲ್ಲಿ ದಾಳಿ ಮಾಡುವವನೂ ಗುರಿಯೂ ಎದುರುಬದುರಾಗಬೇಕಾದುದರಿಂದ ಕ್ರಿಯೆಯ ವೇಗ ಎರಡರ ಸಾರತೆಯನ್ನೂ ಅವಲಂಬಿಸಿರುತ್ತದೆ.

ಹ್ಯಾಲೊಜನ್ ಹೊತ್ತ ಇಂಗಾಲಕ್ಕೆ ಇತರ ಮೂರು ಇಂಗಾಲಗಳು ಅಂಟಿಕೊಂಡಿದ್ದರೆ ಹಿಂಬಾಗಿಲು ಮುಚ್ಚಿಹೋಗುತ್ತದೆ. ಅಂತಹ ಅಣುವಿನಲ್ಲಿ ಹ್ಯಾಲೊಜನ್ ತಾನಾಗಿಯೇ ಮೊದಲು ಬಿಟ್ಟುಹೋಗುತ್ತದೆ. ಪೂರ್ಣ ಧನ ಆವೇಶ ಹೊತ್ತು ಚಪ್ಪಟೆಯಾದ ಇಂಗಾಲವನ್ನು ನ್ಯೂಕ್ಲಿಯೋಫೈಲ್ ಅನಂತರ ಸೇರುತ್ತದೆ. ಈ ಎರಡನೆಯ ದಾರಿಯಲ್ಲಿ ವೇಗವು ಹ್ಯಾಲೊಆಲ್ಕೇನಿನ ಸಾರತೆಯನ್ನು ಮಾತ್ರ ಅವಲಂಬಿಸುತ್ತದೆ. ಹಿಂಬದಿಯಿಂದ ಬರಲೂ ಎಡೆಯಿಲ್ಲದೆ, ಇಂಗಾಲ ಚಪ್ಪಟೆಯಾಗಲೂ ಎಡೆಯಿಲ್ಲದೆ ಹೋದರೆ ಆದೇಶ ಕ್ರಿಯೆ ನಡೆಯುವುದೇ ದುಸ್ತರ. ಇಷ್ಟನ್ನು ತಿಳಿದುಕೊಂಡು ಈಗ ಉಗ್ರಾಣಕ್ಕೂ ಹೊಲಕ್ಕೂ ಮರಳೋಣ.

ಬೇಗ ಬಿಡುವ ಬಂಧ

ಮೀಥೇನಿನ ಒಂದು ಜಲಜನಕದ ಸ್ಥಾನದಲ್ಲಿ ಬ್ರೋಮಿನ್ ಇರುವ ಸಂಯುಕ್ತವೇ ಮೀಥೈಲ್ ಬ್ರೋಮೈಡ್. ಅದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಸಾಧಾರಣ ಉಷ್ಣತೆಯಲ್ಲಿ ಅನಿಲ. ದವಸದ ಮೂಟೆಗಳ ಸಂದುಗೊಂದುಗಳಿಗೂ ನುಗ್ಗಿ ಹುಳುಗಳನ್ನು ಕೊಲ್ಲುವುದರಿಂದ ಅದನ್ನು ಉಗ್ರಾಣಗಳಲ್ಲಿ ಧೂಮೀಕರಣಕ್ಕೆ ಬಳಸುತ್ತಿದ್ದರು. ಅದು ಕೊಲ್ಲುವ ಬಗೆಯೇ ಆದೇಶ ಕ್ರಿಯೆ. ಜೀವಕೋಶದ ಪ್ರೋಟೀನುಗಳಲ್ಲಿ ಗಂಧಕವಿರುವ ಗುಂಪುಗಳುಂಟು. ಗಂಧಕದಲ್ಲಿ ಒಂಟಿ ಎಲೆಕ್ಟ್ರಾನ್ ಜೊತೆಗಳಿವೆ. ಮೀಥೈಲ್ ಬ್ರೋಮೈಡಿನ ಇಂಗಾಲಕ್ಕೆ ಹಿಂಬಾಗಿಲು ಸಂಪೂರ್ಣ ತೆರೆದಿದೆ, ಬ್ರೋಮಿನ್ ಬಂಧವೂ ದುರ್ಬಲ. ಗಂಧಕ ಇಂಗಾಲವನ್ನು ಹಿಡಿಯುತ್ತದೆ, ಬ್ರೋಮಿನ್ ಹೊರಡುತ್ತದೆ. ಮೀಥೈಲ್ ಗುಂಪು ಅಂಟಿದ ಪ್ರೋಟೀನು ತನ್ನ ಕೆಲಸವನ್ನು ಮಾಡಲಾರದು.

ಹುಳುವಿನ ಪ್ರೋಟೀನಿಗೂ ಮನುಷ್ಯನ ಪ್ರೋಟೀನಿಗೂ ಈ ಅನಿಲ ಭೇದವೆಣಿಸುವುದಿಲ್ಲ. ಅಪಾಯದ ಪ್ರಮಾಣದಲ್ಲಿದ್ದರೂ ಅದರ ವಾಸನೆ ಮೂಗಿಗೆ ತಿಳಿಯದಿರಬಹುದು. ಇದಲ್ಲದೆ ಮೇಲಣ ವಾಯುಮಂಡಲವನ್ನು ಸೇರಿದ ಬ್ರೋಮಿನ್ ಓಜೋನ್ ಪದರವನ್ನು ನಾಶಮಾಡುತ್ತದೆ. ಆದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ 1992ರಲ್ಲಿ ಇದನ್ನೂ ಸೇರಿಸಲಾಯಿತು. ಅಭಿವೃದ್ಧಿಶೀಲ ರಾಷ್ಟ್ರಗಳೂ 2015ರ ವೇಳೆಗೆ ಇದರ ಸಾಮಾನ್ಯ ಬಳಕೆಯನ್ನು ನಿಲ್ಲಿಸಬೇಕೆಂದು ಗೊತ್ತಾಯಿತು. ಈಗ ಬಂದರು ಮುಂತಾದೆಡೆಗಳಲ್ಲಿ ಆಮದು ರಫ್ತುಗಳ ಸರಕನ್ನು ಕೀಟಮುಕ್ತಗೊಳಿಸಲು ಮಾತ್ರ ವಿನಾಯಿತಿ ಉಳಿದಿದೆ.

ಇದೇ ಕ್ರಿಯೆ ವೈದ್ಯರ ಕೈಯಲ್ಲಿ ಔಷಧವಾದುದೂ ಉಂಟು. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಸೈನಿಕರ ಮೇಲೆ ಪ್ರಯೋಗಿಸಿದ ಸಾಸಿವೆ ಅನಿಲವು ಬೇಗ ಬಿಡುವ ಕ್ಲೋರಿನ್ ಬಂಧಗಳುಳ್ಳ ವಿಷ. ಅದರ ಗಂಧಕದ ಸ್ಥಾನದಲ್ಲಿ ಸಾರಜನಕವಿರುವ ಸಂಬಂಧಿಯನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಕ್ಯಾನ್ಸರ್ ರೋಗಿಯೊಬ್ಬನಿಗೆ ಕೊಡಲಾಯಿತು. ವೇಗವಾಗಿ ಒಡೆದು ಬೆಳೆಯುವ ಕೋಶಗಳ ಆನುವಂಶಿಕ ದ್ರವ್ಯಕ್ಕೆ ಅಂಟಿಕೊಂಡು ಅದು ಗೆಡ್ಡೆಯನ್ನು ಕುಗ್ಗಿಸಿತು. ಕ್ಯಾನ್ಸರಿಗೆ ಇಂದು ಕೊಡುವ ಕೆಲವು ಔಷಧಗಳು ಆ ಸಂತತಿಗೆ ಸೇರಿದವು.

ಬಿಡದ ಬಂಧ

ಇನ್ನು ಕೆಲವು ಸಂಯುಕ್ತಗಳ ಕಥೆ ಇದಕ್ಕೆ ವಿರುದ್ಧವಾದುದು. ಡಿಡಿಟಿಯ ಕೀಟನಾಶಕ ಗುಣವನ್ನು 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಕಂಡುಹಿಡಿದನು. 1948ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮಲೇರಿಯ ಹರಡುವ ಸೊಳ್ಳೆಗಳನ್ನು ಕೊಂದು ಅದು ಅಸಂಖ್ಯ ಜನರನ್ನು ಉಳಿಸಿತೆಂಬುದನ್ನು ಮರೆಯಬಾರದು. ಆದರೆ ಅದರ ಐದು ಕ್ಲೋರಿನ್‌ಗಳಲ್ಲಿ ಎರಡು ಬೆಂಜೀನ್ ಉಂಗುರಗಳಿಗೆ ಅಂಟಿವೆ. ಉಂಗುರದ ಇಂಗಾಲವನ್ನು ಹಿಂಬದಿಯಿಂದ ಮುಟ್ಟುವುದು ಅಸಾಧ್ಯ. ಮೇಲಾಗಿ ಕ್ಲೋರಿನ್‌ನ ಎಲೆಕ್ಟ್ರಾನುಗಳು ಉಂಗುರದೊಡನೆ ಬೆರೆತು ಬಂಧವನ್ನು ಇನ್ನಷ್ಟು ಬಿಗಿಮಾಡಿವೆ. ಉಳಿದ ಮೂರು ಒಂದೇ ಇಂಗಾಲದ ಮೇಲೆ ಒತ್ತಾಗಿ ಕುಳಿತು ದಾರಿಯನ್ನು ತಡೆದಿವೆ. ಕ್ಷಾರವು ಹೆಚ್ಚೆಂದರೆ ಒಂದು ಕ್ಲೋರಿನನ್ನು ಜಲಜನಕದೊಡನೆ ಕಿತ್ತುಹಾಕಬಲ್ಲುದು. ಆಗ ಉಳಿಯುವ ಡಿಡಿಇ ಡಿಡಿಟಿಯಷ್ಟೇ ಹಟಮಾರಿ.

ಹತ್ತಿಯ ಕಾಯಿಕೊರಕ ಹುಳುವಿಗೆ ನಮ್ಮ ದೇಶದಲ್ಲಿ ಬಹುಕಾಲ ಬಳಸಿದ ಎಂಡೋಸಲ್ಫಾನ್ ಮತ್ತೊಂದು ಉದಾಹರಣೆ. ಅದರ ಅಣುವಿನಲ್ಲಿ ಎರಡು ಭಾಗಗಳಿವೆ. ಒಂದು ಭಾಗದಲ್ಲಿ ಗಂಧಕ ಮತ್ತು ಆಮ್ಲಜನಕಗಳ ಕೊಂಡಿಯಿದೆ. ಗಂಧಕದ ಮೇಲೂ ಧನ ಆವೇಶವಿರುವುದರಿಂದ ಹೈಡ್ರಾಕ್ಸೈಡ್ ಅದರ ಮೇಲೆ ದಾಳಿಮಾಡಿ ಕೊಂಡಿಯನ್ನು ಕಳಚುತ್ತದೆ. ನೀರು ಕ್ಷಾರೀಯವಾಗಿದ್ದರೆ ಇದು ಬೇಗ, ಆಮ್ಲೀಯವಾಗಿದ್ದರೆ ಬಹಳ ನಿಧಾನ. ಇನ್ನೊಂದು ಭಾಗದಲ್ಲಿ ಆರು ಕ್ಲೋರಿನ್‌ಗಳಿವೆ. ಅವುಗಳಲ್ಲಿ ಎರಡು ದ್ವಿಬಂಧದ ಇಂಗಾಲಗಳ ಮೇಲೆ, ಉಳಿದ ನಾಲ್ಕು ಪಂಜರದಂತೆ ಹೆಣೆದುಕೊಂಡ ಇಂಗಾಲಗಳ ಮೇಲೆ. ಪಂಜರದ ಒಳಗಿನಿಂದ ನ್ಯೂಕ್ಲಿಯೋಫೈಲ್ ಬರಲಾರದು. ಪಂಜರದ ಮೂಲೆಯ ಇಂಗಾಲ ಕೊಡೆಯಂತೆ ಮಗುಚಲೂ ಆರದು. ಆದುದರಿಂದ ನಮ್ಮ ಎರೆಭೂಮಿಯ ಕ್ಷಾರಗುಣವು ಮೊದಲ ಭಾಗವನ್ನು ಕಳಚಲು ನೆರವಾದರೂ ಕ್ಲೋರಿನ್‌ಗಳನ್ನು ಸುಲಭವಾಗಿ ಬಿಡಿಸಲಾರದು. ಇದಲ್ಲದೆ ಮಣ್ಣಿನ ಸೂಕ್ಷ್ಮಜೀವಿಗಳು ಎಂಡೋಸಲ್ಫಾನಿನ ಒಂದು ಪಾಲನ್ನು ಎಂಡೋಸಲ್ಫಾನ್ ಸಲ್ಫೇಟಾಗಿ ಮಾರ್ಪಡಿಸುತ್ತವೆ. ಅದು ಮೂಲದಷ್ಟೇ ವಿಷಕಾರಿ, ಮೂಲಕ್ಕಿಂತ ದೀರ್ಘಾಯು.

ಇದರ ಫಲವನ್ನು ಕನ್ನಡಿಗರೂ ಅನುಭವಿಸಿದ್ದಾರೆ. ಕಾಸರಗೋಡು ಜಿಲ್ಲೆಯ ಸರ್ಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕನ್ನಡ, ತುಳು ಮಾತನಾಡುವ ಎಣ್ಮಕಜೆಯಂತಹ ಗ್ರಾಮಗಳಲ್ಲಿ ನರರೋಗಗಳೂ ಹುಟ್ಟು ಅಂಗವಿಕಲತೆಗಳೂ ಹೆಚ್ಚಾಗಿ ಕಂಡುಬಂದಾಗ, ಸ್ಥಳೀಯ ವೈದ್ಯರು ಮತ್ತು ಪತ್ರಕರ್ತರು ಅದರತ್ತ ದೇಶದ ಗಮನ ಸೆಳೆದರು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಅದನ್ನು ಸೇರಿಸಲಾಯಿತು. ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಗಳನ್ನು ತಡೆಯಿತು. ಕಾಸರಗೋಡಿನ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನ್ಯಾಯಾಲಯ 2017ರಲ್ಲಿ ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು.

ಎಣ್ಣೆ ಎಂಬ ಹೆಸರು

ಈಗ ರೈತರು ಇಟ್ಟ ಹೆಸರನ್ನು ನೆನೆಯೋಣ. ಡಿಡಿಟಿ, ಎಂಡೋಸಲ್ಫಾನ್‌ಗಳಲ್ಲಿ ಒಂದೊಂದು ಬಂಧವೂ ಧ್ರುವೀಯವಾದರೂ ಇಡೀ ಅಣು ನೀರಿನಲ್ಲಿ ಹೆಚ್ಚಾಗಿ ಕರಗುವುದಿಲ್ಲ. ಎಣ್ಣೆಯಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ನೀರಿನಲ್ಲಿ ಕರಗದುದು ಮೂತ್ರದೊಡನೆ ಬೇಗ ಹೊರಗೆ ಹೋಗದು. ಬೇಗ ಮುರಿಯದೆ, ಬೇಗ ಹೊರಬೀಳದೆ, ಅದು ದೇಹದ ಕೊಬ್ಬನ್ನೂ ಹಾಲನ್ನೂ ಸೇರುತ್ತದೆ. ಹುಲ್ಲಿನಿಂದ ದನಕ್ಕೆ, ದನದಿಂದ ಹಾಲಿಗೆ, ಹಾಲಿನಿಂದ ಮಗುವಿಗೆ ಅದು ಸಾಗಬಲ್ಲುದು. ಈ ಅರ್ಥದಲ್ಲಿ 'ಎಣ್ಣೆ' ಎಂಬುದು ತಕ್ಕ ಹೆಸರೇ.

ಒಂದು ಪದಾರ್ಥವು ಕೀಟವನ್ನು ಕೊಲ್ಲುತ್ತದೆಯೇ ಎಂದು ಕೇಳಿದರೆ ಸಾಲದು. ಅದರ ಕೆಲಸ ಮುಗಿದ ಮೇಲೆ ಅದು ಏನಾಗುತ್ತದೆ ಎಂದೂ ಕೇಳಬೇಕು. ಯಾವ ಬಂಧ ಎಲ್ಲಿ ಮುರಿಯುತ್ತದೆ, ಎಷ್ಟು ಬೇಗ ಮುರಿಯುತ್ತದೆ, ಮುರಿದ ಮೇಲೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಪ್ರಯೋಗಶಾಲೆಯ ಮೂರು ಪ್ರನಾಳಗಳಲ್ಲಿ ಉತ್ತರದ ಮೊದಲ ಪಾಠವಿದೆ. ಹೊಲಕ್ಕೆ ಹೊರಡುವ ಮುನ್ನ ಡಬ್ಬಿಯ ಮೇಲಿನ ಬರಹವನ್ನು ಓದಿ, ಅದರ ಅರ್ಥವನ್ನು ಮನೆಯ ಹಿರಿಯರಿಗೆ ತಿಳಿಸಬಲ್ಲ ವಿದ್ಯಾರ್ಥಿ ತನ್ನ ಮನೆಯನ್ನೂ ತನ್ನ ಊರಿನ ಮಣ್ಣನ್ನೂ ಕಾಪಾಡುತ್ತಾನೆ.

ಅಭ್ಯಾಸ

1. ಇಂಗಾಲ–ಹ್ಯಾಲೊಜನ್ ಬಂಧವು ಧ್ರುವೀಯವಾಗಲು ಕಾರಣವೇನು?
2. ಆದೇಶ ಸಂಧಿಗೂ ಆದೇಶ ಕ್ರಿಯೆಗೂ ಇರುವ ಹೋಲಿಕೆಯನ್ನು ಉದಾಹರಣೆಯೊಡನೆ ವಿವರಿಸಿ.
3. ಅಯೋಡೊಬ್ಯೂಟೇನ್ ಕ್ಲೋರೊಬ್ಯೂಟೇನಿಗಿಂತ ಬೇಗ ವರ್ತಿಸುವುದೇಕೆ?
4. 'ಕೊಡೆ ಮಗುಚಿಕೊಂಡಂತೆ' ಎಂಬ ಉಪಮೆ ಪಾಠದಲ್ಲಿ ಯಾವ ಸಂದರ್ಭದಲ್ಲಿ ಬಂದಿದೆ? ಅದರ ಔಚಿತ್ಯವೇನು?
5. ಮೀಥೈಲ್ ಬ್ರೋಮೈಡ್ ಮತ್ತು ಎಂಡೋಸಲ್ಫಾನ್‌ಗಳು ಉಂಟುಮಾಡುವ ಅಪಾಯಗಳಲ್ಲಿರುವ ವ್ಯತ್ಯಾಸವನ್ನು ಬಂಧಗಳ ಸ್ವರೂಪದಿಂದ ವಿವರಿಸಿ.
6. ನಿಮ್ಮ ಊರಿನಲ್ಲಿ ಬಳಸುವ ಕೀಟನಾಶಕಗಳ ಡಬ್ಬಿಗಳ ಮೇಲಿನ ಎಚ್ಚರಿಕೆಯ ಮಾತುಗಳನ್ನು ಹಿರಿಯರ ನೆರವಿನಿಂದ ಓದಿ, ಬರೆದುಕೊಂಡು ಬನ್ನಿರಿ. ಖಾಲಿ ಡಬ್ಬಿಗಳನ್ನು ಮುಟ್ಟಬೇಡಿರಿ.